ಆರನೆಯ ಮಂಚದ ಚಾರ್ಟು

ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸುಗಳ ಕೆಲಸವನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಬಾಗಲಕೋಟೆಯ ಕಚೇರಿಯಿಂದ ತಿಂಗಳಿಗೆ ನಾಲ್ಕೈದು ಆರೈಕೆ ಮನೆಗಳಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಒಂದು ಪಾಳಿ ಪೂರ್ತಿ ವಾರ್ಡಿನಲ್ಲಿ ನಿಂತು ಇಪ್ಪತ್ತೆರಡು ಸಾಲುಗಳ ಫಾರ್ಮು ತುಂಬುತ್ತೇನೆ. ಮುಟ್ಟುವ ಮೊದಲು ರೋಗಿಗೆ ಹೇಳುತ್ತಾರೆಯೇ, ಕೈ ತೊಳೆಯುತ್ತಾರೆಯೇ, ಒಂದು ತುತ್ತು ಇಳಿದ ಮೇಲೆ ಇನ್ನೊಂದು ತುತ್ತು ಕೊಡುತ್ತಾರೆಯೇ, ಇಂಥವು. ಪರೀಕ್ಷೆ ನಡೆಯುವಾಗ ನಾನು ಏನನ್ನೂ ಮುಟ್ಟುವಂತಿಲ್ಲ. ನೋಡಬೇಕು, ಬರೆಯಬೇಕು. ಈ ನಿಯಮ ನನಗೆ ಎಂದೂ ಭಾರವೆನಿಸಿರಲಿಲ್ಲ.

ಹುನಗುಂದ ದಾಟಿ ಇಳಕಲ್ಲಿಗೆ ಹೋಗುವ ದಾರಿಯ ಒಂದು ಮನೆಗೆ ಏಪ್ರಿಲ್‌ನಲ್ಲಿ ಹೋಗಿದ್ದೆ. ಎಂಟು ಮಂಚಗಳ ಉದ್ದನೆಯ ವಾರ್ಡು. ನೆಲಕ್ಕೆ ಇಳಕಲ್ಲಿನ ಕೆಂಪು ಕಲ್ಲು ಹಾಸಿದ್ದರು. ಚೆನ್ನಾಗಿ ಒರೆಸಿದ್ದರಿಂದ ಮಂಚಗಳ ಕಾಲುಗಳು ಅದರೊಳಗೆ ತಲೆಕೆಳಗಾಗಿ ಕಾಣುತ್ತಿದ್ದವು. ಅವತ್ತು ಪರೀಕ್ಷೆ ಒಬ್ಬರದೇ. ಐವತ್ತರ ಹತ್ತಿರದ ಹೆಂಗಸು, ಇಳಕಲ್ಲಿನ ನೇಕಾರರ ಮನೆಯವರು. ಹತ್ತೊಂಬತ್ತು ವರ್ಷ ಮುದುಕರ ಮಂಚದ ಪಕ್ಕದಲ್ಲೇ ಕಳೆದಿದ್ದರು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ನನ್ನ ಫಾರ್ಮಿನಲ್ಲಿ ಅನರ್ಹರು ಎಂದು ಬಂದರೆ ಅವರು ಇನ್ನು ರೋಗಿಗಳನ್ನು ಮುಟ್ಟುವ ಹಾಗಿರಲಿಲ್ಲ, ಅಡುಗೆಮನೆಗೆ ಹಾಕುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಕೂದಲು ಬಿಗಿಯಾಗಿ ಕಟ್ಟಿಕೊಳ್ಳುತ್ತ, ನನ್ನತ್ತ ನೋಡದೆ ಅಂದರು: “ನನಗ ಬರೂದು ಇದೊಂದ ಕೆಲಸರಿ.”

ಬೆಳಿಗ್ಗೆ ಎಂಟಕ್ಕೆ ರಾತ್ರಿಪಾಳಿಯ ನರ್ಸು ಚಾರ್ಜು ಕೊಡಲು ಶುರುಮಾಡಿದಳು. ಮಂಚದಿಂದ ಮಂಚಕ್ಕೆ ಹೋಗಿ, ಯಾರು ಹೇಗೆ ಮಲಗಿದ್ದಾರೆ, ಏನು ತಿಂದರು ಎಂದು ಒಪ್ಪಿಸುವುದು. ಆರನೆಯ ಮಂಚ ಖಾಲಿ ಇತ್ತು. ಬಿಳಿ ಹಾಸು, ಅದರ ಮೇಲೆ ಉದ್ದಕ್ಕೆ ಇಟ್ಟ ಒಂದು ದಿಂಬು, ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ ನೀರು. ನಾನು ಏಳನೆಯದರ ಕಡೆಗೆ ಹೆಜ್ಜೆ ಹಾಕಿದೆ. ಅವರಿಬ್ಬರೂ ನಿಂತೇ ಇದ್ದರು.

“ಆಯಿ ಎಡಕ್ಕ ಅದಾರ,” ಎಂದಳು ರಾತ್ರಿಪಾಳಿಯವಳು. “ಈಗಷ್ಟ ಹೊಳ್ಳಿಸೇನಿ.”

“ಹಿಮ್ಮಡ?”

“ಚಲೋ ಅದಾವ.”

ಯಾರೂ ನಗಲಿಲ್ಲ. ದಿಂಬಿನ ನಡುವೆ ಸಣ್ಣ ತಗ್ಗು ಇತ್ತು.

ನಾನು ಬಾಗಿಲ ಬಳಿಯ ರಿಜಿಸ್ಟರು ತೆಗೆದು ನೋಡಿದೆ. ಆರನೆಯ ಮಂಚದಲ್ಲಿದ್ದ, ಎಲ್ಲರೂ ಆಯಿ ಎನ್ನುತ್ತಿದ್ದ ರಾಮಥಾಳ ಕಡೆಯ ಅಜ್ಜಿ ತೀರಿಕೊಂಡು ಹತ್ತು ದಿನಗಳಾಗಿದ್ದವು. ಆದರೆ ಮಂಚಕ್ಕೆ ತೂಗುಹಾಕಿದ ಚಾರ್ಟು ಇನ್ನೂ ನಡೆಯುತ್ತಿತ್ತು. ಎದ್ದು ಓಡಾಡಲಾರದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಹೊತ್ತು, ಮಗ್ಗುಲು, ಸಹಿ ಬರೆಯುವ ಚಾರ್ಟು ಅದು. ಹತ್ತು ದಿನಗಳಲ್ಲಿ ಒಂದು ಹೊತ್ತೂ ತಪ್ಪಿರಲಿಲ್ಲ.

ಬಾದಾಮಿ ಕಡೆಯ ಒಂದು ಮನೆಯಲ್ಲಿ ನಾಳೆಯ ಸಹಿಗಳನ್ನು ಇವತ್ತೇ ಹಾಕಿದ್ದ ಚಾರ್ಟು ನೋಡಿದ್ದೆ. ಅದರ ಕೆಳಗೆ ಮಲಗಿದ್ದವರ ಸೊಂಟದಲ್ಲಿ ಅಂಗೈ ಅಗಲದ ಹುಣ್ಣು ಇತ್ತು. ಅಂದಿನಿಂದ ಚಾರ್ಟಿನ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ದಾಖಲೆ ಸತ್ಯವಾಗಿರಬೇಕು ಎನ್ನುವುದು ಫಾರ್ಮಿನ ಹತ್ತೊಂಬತ್ತನೆಯ ಸಾಲು. ಅದೊಂದರಲ್ಲಿ ಬಿದ್ದರೆ ಉಳಿದ ಇಪ್ಪತ್ತೊಂದನ್ನು ಯಾರೂ ನೋಡುವುದಿಲ್ಲ.

ಅಕ್ಕಾರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ಮುಚ್ಚಿಡಲಿಲ್ಲ. ಜೀವ ಹೋದ ಜಾಗದಲ್ಲಿ ಹನ್ನೊಂದು ದಿನ ದೀಪ ಉರಿಸಿ ನೀರಿಡುವುದು ಅವರ ಮನೆಯ ರೂಢಿ, ಆ ಅಜ್ಜಿಯ ಮನೆಯದೂ ಅದೇ. ಆದರೆ ವಾರ್ಡಿನಲ್ಲಿ ಆಕ್ಸಿಜನ್ ಸಿಲಿಂಡರು ಇರುವುದರಿಂದ ಕಡ್ಡಿ ಗೀರುವಂತಿಲ್ಲ. ನೀರಿಟ್ಟರು. ದೀಪದ ಬದಲು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಸತ್ತ ದಿನ ಮುಂದಿನ ಹೊತ್ತು ಬಂದಾಗ ಅಕ್ಕಾರು ಕೈಯಭ್ಯಾಸದಿಂದ ದಿಂಬನ್ನು ಹೊರಳಿಸಿ ಸಹಿ ಹಾಕಿದ್ದರು. ಆಮೇಲೆ ಎಲ್ಲರೂ ಹಾಗೇ ಮಾಡಿದರು.

“ಇವತ್ತಿಗೆ ಹನ್ನೊಂದು ದಿನಾರಿ. ನಾಕಕ್ಕ ಬಿಡ್ತೇವಿ,” ಎಂದರು.

ಇದು ಸುಳ್ಳು ದಾಖಲೆಯಾಗುತ್ತದೆ, ನಿಮಗೇ ತೊಂದರೆ ಎಂದೆ.

“ಸುಳ್ಳ ಹೆಂಗ್ರಿ? ಹೊಳ್ಳಿಸೇವಿ, ಬರದೇವಿ. ಹೊಳ್ಳಿಸದ ಬರದಿದ್ರ ಸುಳ್ಳ.”

ಏಳೂ ರೋಗಿಗಳ ಸೊಂಟ, ಹಿಮ್ಮಡಿಗಳನ್ನು ತೋರಿಸಲು ಹೇಳಿದೆ. ಎಲ್ಲೂ ಒಂದು ಕೆಂಪು ಕಲೆಯೂ ಇರಲಿಲ್ಲ. ಇಷ್ಟು ಶುದ್ಧವಾದ ಚರ್ಮವನ್ನು ಆ ವಯಸ್ಸಿನವರಲ್ಲಿ ನಾನು ಕಂಡದ್ದು ಕಡಿಮೆ.

ಹತ್ತಕ್ಕೆ, ಮತ್ತೆ ಹನ್ನೆರಡಕ್ಕೆ, ಅವರು ಆರನೆಯ ಮಂಚಕ್ಕೆ ಬಂದರು. ಕೈ ತೊಳೆದರು. “ಆಯೀ, ಹೊಳ್ಳಿಸ್ತೇನ್ರಿ,” ಎಂದು ಮೆಲ್ಲಗೆ ಹೇಳಿ ಒಂದು ಕೈಯನ್ನು ದಿಂಬಿನ ಕೆಳಗೆ ತೂರಿಸಿದರು. ನೂಲಿನ ಗಂಟು ಹುಡುಕುವವರ ಹಾಗೆ ಬೆರಳುಗಳು ಹಾಸಿನ ಸುಕ್ಕುಗಳನ್ನು ಹುಡುಕಿ ಸರಿಮಾಡಿದವು. ಹೊರಳಿಸಿದ ಮೇಲೆ ಕೈ ತೆಗೆಯದೆ ಕಾದರು. ಒಂದು ಹಳೆಯ ದೇಹ ಹೊಸ ಮಗ್ಗುಲಿಗೆ ಒಗ್ಗಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಆ ಹೊತ್ತಿನಲ್ಲಿ ನಾನೂ ಉಸಿರು ಹಿಡಿದಿದ್ದೆ ಎಂಬುದು ಅವರು ಕೈ ತೆಗೆದ ಮೇಲೆ ತಿಳಿಯಿತು.

ನೆಲ ಒರೆಸುತ್ತಿದ್ದ ಹೆಂಗಸು ಇದನ್ನೆಲ್ಲ ನೋಡಿ, “ಆಯಿಗೂ ಒಂದೀಟ ಮಾರ್ಕ್ಸ್ ಹಾಕ್ರಿ ಮೇಡಮ್ಮಾರ, ಭಾಳ ಶಾಂತ ಅದಾರ,” ಎಂದಳು. ಅಕ್ಕಾರು ಅವಳ ಕಡೆ ನೋಡಿದರು. ಅವಳು ಬಕೆಟ್ ಎತ್ತಿಕೊಂಡು ಹೋದಳು. ಲೋಟದ ನೀರು ಬೆಳಿಗ್ಗೆಗಿಂತ ಒಂದು ಬೆರಳು ಇಳಿದಿತ್ತು. ಏಪ್ರಿಲ್‌ನ ಬಿಸಿಲು, ನೀರು ಆರುತ್ತದೆ.

ಎರಡಕ್ಕೆ ಐದು ನಿಮಿಷವಿರುವಾಗ ಮೂರನೆಯ ಮಂಚದ ಅಜ್ಜನಿಗೆ ಊಟ ಗಂಟಲಿನಲ್ಲಿ ಸಿಕ್ಕಿತು. ಸಾರಿನಲ್ಲಿ ನೆನೆಸಿದ ರೊಟ್ಟಿಯ ಚೂರು. ಕೆಮ್ಮು ನಿಂತುಹೋಯಿತು, ತುಟಿ ಬಣ್ಣ ತಿರುಗಿತು. ನಾನು ಪೆನ್ನು ಕೆಳಗಿಡುವಷ್ಟರಲ್ಲಿ ಅಕ್ಕಾರು ಅವರನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಏಟು ಹಾಕುತ್ತಿದ್ದರು, ಎಣಿಸುತ್ತ, ಗಾಬರಿಯಿಲ್ಲದೆ. ನಾಲ್ಕನೆಯದಕ್ಕೆ ಚೂರು ಹೊರಬಿತ್ತು. ನೆಲ ಒರೆಸುವವಳು ಡಾಕ್ಟರಿಗೆ ಫೋನು ಮಾಡಲು ಓಡಿದಳು. ಅಕ್ಕಾರು ಅಜ್ಜನನ್ನು ಎದೆಗೊರಗಿಸಿಕೊಂಡು ಕೂತರು, ಏಳುವಂತಿರಲಿಲ್ಲ. ಗೋಡೆಯ ಗಡಿಯಾರ ನೋಡಿ ನನ್ನತ್ತ ತಿರುಗಿದರು.

“ಮೇಡಮ್ಮಾರ, ಎರಡಾತ್ರಿ.”

ಯಾಕೆ ಹೋದೆನೋ ಹೇಳಲಾರೆ. ಕೈ ತೊಳೆದೆ. ಆರನೆಯ ಮಂಚದ ಬಳಿ ನಿಂತು, ಹೇಳಬೇಕಾದ ಮಾತು ಬಾಯಿಗೆ ಬರದೆ, ಸುಮ್ಮನೆ ದಿಂಬನ್ನು ನನ್ನ ಕಡೆಗೆ ಎಳೆದು ಹೊರಳಿಸಿದೆ. ಅದರ ಅಡಿಯ ಮಗ್ಗುಲು ಬೆಚ್ಚಗಿತ್ತು. ಆ ತಿಂಗಳಲ್ಲಿ ನಮ್ಮ ಕಡೆ ಮುಟ್ಟಿದ್ದೆಲ್ಲ ಬೆಚ್ಚಗೇ ಇರುತ್ತದೆ. ಚಾರ್ಟಿನಲ್ಲಿ ಎರಡು ಗಂಟೆ, ಬಲ, ಎಂದು ಬರೆದು ಸಹಿ ಹಾಕಿದೆ.

ಅಲ್ಲಿಂದ ನಾಲ್ಕರವರೆಗೆ ಕುರ್ಚಿಯಲ್ಲಿ ಕೂತು ಫಾರ್ಮು ತುಂಬಿದೆ. ನಡುನಡುವೆ ಯಾವುದೋ ಮಂಚ ಕಿರುಗುಟ್ಟುತ್ತಿತ್ತು. ತಲೆಯೆತ್ತಿದರೆ ಏಳು ಜನರೂ ನಿದ್ದೆಯಲ್ಲಿದ್ದರು. ಫ್ಯಾನು ಹಳೆಯದು ಎಂದುಕೊಂಡೆ.

ನಾಲ್ಕಕ್ಕೆ ಅಕ್ಕಾರು ಕೊನೆಯ ಸಲ ಚಾರ್ಟು ಕೈಗೆತ್ತಿಕೊಂಡು ಮೇಲಿನಿಂದ ಓದಿದರು. ನನ್ನ ಸಾಲಿಗೆ ಬಂದು ನಿಂತರು.

“ಬಲಕ್ಕ ಮಾಡೀರೇನ್ರಿ?”

ಹೌದು ಎಂದೆ.

“ಆಯಿದು ಬಲಗಡಿ ಚಪ್ಪಿ ಮುರದಿತ್ರಿ.”

ಮುರಿದ ಸೊಂಟದ ಮಗ್ಗುಲಿಗೆ ಯಾರನ್ನೂ ಮಲಗಿಸುವುದಿಲ್ಲ. ಆಗ ನಾನು ಹಿಂದಿನ ಸಾಲುಗಳನ್ನು ಓದಿದೆ. ಎಡ, ಬೆನ್ನು, ಎಡ, ಬೆನ್ನು. ಪುಟದ ತುಂಬ ಒಂದೇ ಒಂದು ಬಲ, ನನ್ನ ಅಕ್ಷರದಲ್ಲಿ. ಹೊರಳಿಸುವ ಮೊದಲು ಹಿಂದೆ ಬರೆದದ್ದನ್ನು ಓದುತ್ತಾರೆಯೇ ಎನ್ನುವುದು ನನ್ನ ಫಾರ್ಮಿನ ಏಳನೆಯ ಸಾಲು. ಬೆಳಿಗ್ಗೆಯಿಂದ ಅಕ್ಕಾರ ಹೆಸರಿನ ಎದುರು ಅದಕ್ಕೆ ಐದು ಸಲ ಗುರುತು ಹಾಕಿದ್ದೆ.

ಮಂಚದ ಬಲ ಅಂಚಿನಲ್ಲಿ ಹಾಸು ಒಂದೆಡೆ ಮುದುಡಿ ನಾಲ್ಕು ನೆರಿಗೆಯಾಗಿತ್ತು, ಯಾರೋ ನೋವಿಗೆ ಮುಷ್ಟಿಯಲ್ಲಿ ಹಿಡಿದ ಹಾಗೆ. ನಾನು ಅದನ್ನು ನೇರಮಾಡಿ ಬಿಟ್ಟಿದ್ದೆನೋ ಇಲ್ಲವೋ, ಖಾತ್ರಿಯಿಲ್ಲ.

ಅಕ್ಕಾರು ಮಂಚದ ಕಡೆ ಬಾಗಿದರು. “ಹೊಸಬರ ಅದಾರ್ರಿ ಆಯಿ. ಬರದಿದ್ದ ನೋಡಿಲ್ಲ.” ದಿಂಬನ್ನು ಎಡಕ್ಕೆ ಹೊರಳಿಸಿ, ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿ, ಕೈಯಿಟ್ಟು ಕಾದರು. ಈ ಸಲ ಬಹಳ ಹೊತ್ತು. ಆಮೇಲೆ ನಾಲ್ಕು ಗಂಟೆ, ಎಡ, ಎಂದು ಬರೆದು, ಕೆಳಗೆ ಗೆರೆ ಎಳೆದು, ಚಾರ್ಟನ್ನು ನನ್ನ ಕೈಗೆ ಕೊಟ್ಟರು. ಲೋಟದ ನೀರನ್ನು ಹೊರಗಿನ ಬೇವಿನ ಬುಡಕ್ಕೆ ಚೆಲ್ಲಿ ಬಂದರು. ಆಮೇಲೆಯೇ ಕೇಳಿದರು: “ನಂದೇನಾತ್ರಿ?”

ಬರೆದು ಕಳಿಸುತ್ತೇನೆ ಎಂದೆ. ಅದು ನಾನು ಎಲ್ಲರಿಗೂ ಹೇಳುವ ಮಾತು.

ಹತ್ತೊಂಬತ್ತನೆಯ ಸಾಲನ್ನು ವಾಪಸು ಬರುವ ಬಸ್ಸಿನಲ್ಲಿ ತುಂಬಿದೆ. ತೀರಿಕೊಂಡವರ ಚಾರ್ಟು ಮುಂದುವರಿಸಿದ್ದು ನಿಯಮಕ್ಕೆ ವಿರುದ್ಧ, ನಿಲ್ಲಿಸಲು ಸೂಚಿಸಬೇಕು; ಆದರೆ ನಾನು ಕಂಡಂತೆ, ಮಾಡದೇ ಬರೆದ ಸಾಲು ಅದರಲ್ಲಿ ಒಂದೂ ಇಲ್ಲ. ಎರಡು ಗಂಟೆಯ ಸಾಲು ನನ್ನದು, ಅದು ತಪ್ಪು. ಕೆಳಗೆ ಅರ್ಹರು ಎಂದು ಬರೆದೆ. ಫಾರ್ಮು ತಲುಪಿದ ಮೇಲೆ ಮೇಲಧಿಕಾರಿ ಫೋನು ಮಾಡಿ, ನಿಮ್ಮ ಬಗೆಗಿನ ವಾಕ್ಯ ತೆಗೆದುಬಿಡಿ, ಓದಲು ವಿಚಿತ್ರವಾಗಿದೆ ಎಂದರು. ತೆಗೆದರೆ ಉಳಿದದ್ದೂ ನಿಲ್ಲುವುದಿಲ್ಲ ಎಂದೆ. ಅಕ್ಕಾರು ಈಗಲೂ ಅದೇ ವಾರ್ಡಿನಲ್ಲಿದ್ದಾರೆ.

ಆ ಸಂಜೆ ಹುನಗುಂದದಿಂದ ಬಾಗಲಕೋಟೆಯವರೆಗೂ ನನ್ನ ಬಲಸೊಂಟ ನೋಯುತ್ತಿತ್ತು. ಬೆಳಿಗ್ಗೆಯೆಲ್ಲ ನಿಂತೇ ಇದ್ದೆನಲ್ಲ. ಸೀಟಿನಲ್ಲಿ ಎಡಕ್ಕೆ ಒರಗಿ ಕೂತ ಮೇಲೆ ಕಡಿಮೆಯಾಯಿತು.