ಅಂಚೆಯಕ್ಕನ ಎಡಗಣ್ಣು

ಬಡಾವಣೆಯ ಜನಕ್ಕೆಲ್ಲ ಅವಳು ಅಂಚೆಯಕ್ಕ. ಹದಿನೆಂಟು ವರ್ಷ ಅವೇ ಬೀದಿಗಳಲ್ಲಿ ಸೈಕಲ್ ತುಳಿದು ಕಾಗದ ಹಂಚಿದವಳು. ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಸದ್ದಿಲ್ಲದೆ ಬಂದು ಕಚ್ಚುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಅವಳ ಎಡಗಿವಿಯ ಹಿಂದೆ, ತಲೆಯೊಳಗೆ ಗಡ್ಡೆ ಬೆಳೆದಿತ್ತು. ಆಪರೇಷನ್ ಮಾಡಿ ತೆಗೆದರು. ಕೆಟ್ಟ ಗಡ್ಡೆಯಲ್ಲ ಎಂದು ತಿಳಿದು ಗಂಡನಿಗೆ ಹೋದ ಜೀವ ಬಂದಂತಾಯಿತು. ಆದರೆ ಗಡ್ಡೆಗೆ ಅಂಟಿಕೊಂಡಿದ್ದ ಮುಖದ ನರ ಸೋತುಹೋಗಿತ್ತು. ನಕ್ಕರೆ ಬಲಗಡೆ ಮಾತ್ರ ನಗು. ಎಡಗಣ್ಣು ಮುಚ್ಚುತ್ತಲೇ ಇರಲಿಲ್ಲ.

"ರೆಪ್ಪೆ ಬಡಿಯದ ಕಣ್ಣು ಒಣಗುತ್ತೆ, ಒಣಗಿದ್ರೆ ಹುಣ್ಣಾಗುತ್ತೆ," ಎಂದರು ಕಣ್ಣಿನ ಡಾಕ್ಟರಮ್ಮ. "ಆ ಕಣ್ಣಲ್ಲಿ ನಿಮಗೆ ಉರಿಯೂ ಸರಿಯಾಗಿ ಗೊತ್ತಾಗಲ್ಲ. ಗಾಳಿ, ಧೂಳಿಗೆ ಹೋಗ್ಬೇಡಿ. ರೆಪ್ಪೆಯೊಳಗೆ ಚೂರು ಬಂಗಾರದ ಭಾರ ಇಟ್ರೆ ಕಣ್ಣು ತಾನಾಗೇ ಮುಚ್ಚುತ್ತೆ."

"ಮತ್ತೆ ಕತ್ತರಿಯಾ? ಬೇಡವೇ ಬೇಡ," ಎಂದಳು ಅವಳು.

ಹಾಗಾಗಿ ಗಂಟೆಗೊಮ್ಮೆ ಕಣ್ಣಿಗೆ ಹನಿ. ಮಲಗುವ ಮುಂಚೆ ಮುಲಾಮು ಹಚ್ಚಿ, ರೆಪ್ಪೆಯನ್ನು ಕೆಳಗೆಳೆದು ಪಟ್ಟಿ ಅಂಟಿಸುವುದು. ಗಂಡ ಪುಸ್ತಕಕ್ಕೆ ರಟ್ಟು ಕಟ್ಟುವವನು, ಆ ಕೆಲಸ ಅವನದೇ.

"ಸಾವಿರಾರು ಪುಸ್ತಕ ಅಂಟಿಸಿದೀನಿ. ನಿನ್ನ ಒಂದು ರೆಪ್ಪೆ ನನ್ನ ಬೆವರಿಳಿಸ್ತಿದೆಯಲ್ಲೇ," ಎನ್ನುತ್ತಿದ್ದ.

ಕಚೇರಿಯಲ್ಲಿ ಅವಳನ್ನು ಕಾಗದ ವಿಂಗಡಿಸುವ ಕೋಣೆಗೆ ಹಾಕಿದರು. ಅವಳ ತಲೆಯ ಮೇಲಿನ ಫ್ಯಾನು ಬಂದ್. ತನ್ನ ಬೀದಿಗಳ ಕಾಗದ ಕಟ್ಟಿ, ತನ್ನ ಜಾಗಕ್ಕೆ ಬಂದ ಹೊಸಬನ ಚೀಲಕ್ಕೆ ಹಾಕುವ ಮುಂಚೆ ದಿನವೂ ಒಂದೊಂದೇ ವಿಳಾಸ ಓದಿಕೊಳ್ಳುವಳು. ಮೂಲೆಮನೆಯ ನಿವೃತ್ತ ಮೇಷ್ಟ್ರಿಗೆ ದೂರದಲ್ಲಿದ್ದ ತಂಗಿ ಬರೆದ ಕಾಗದ ಬಂದ ದಿನವಂತೂ ಅದನ್ನು ಸುಮ್ಮನೆ ಕೈಯಲ್ಲಿ ಹಿಡಿದು ಕೂರುವಳು. ಮೇಷ್ಟ್ರಿಗೆ ಅಕ್ಷರ ಕಾಣುತ್ತಿರಲಿಲ್ಲ. ಜಗುಲಿಯ ಮೇಲೆ ಕೂತು ಓದಿ ಹೇಳುತ್ತಿದ್ದವಳು ಇವಳೇ.

ಒಂದು ದಿನ ಹೊಸಬ ರಜೆ ಹಾಕಿದ. ಯಾರೂ ಕೇಳುವ ಮುಂಚೆಯೇ ಅವಳು ಚೀಲ ಹೆಗಲಿಗೇರಿಸಿದ್ದಳು.

ಇಳಿಜಾರಿನಲ್ಲಿ ಸೈಕಲ್ ಬಿಟ್ಟಾಗ ಗಾಳಿ ಮುಖಕ್ಕೆ ಬಡಿಯಿತು. ಅರ್ಧ ಮುಖಕ್ಕಷ್ಟೇ ಅದು ಗೊತ್ತಾಯಿತು, ಅಷ್ಟೇ ಸಾಕಾಗಿತ್ತು. ಹನಿಯ ಬಾಟಲಿ ಕಚೇರಿಯ ಮೇಜಿನ ಮೇಲೇ ಉಳಿದಿತ್ತು. ನೆನಪಾದರೂ ಹಿಂದಿರುಗಲು ಮನಸ್ಸಾಗಲಿಲ್ಲ.

"ಎಲ್ಲಿ ಮಾಯವಾಗಿದ್ದೆಯಮ್ಮ ಇಷ್ಟು ದಿನ?" ಎಂದರು ಮೇಷ್ಟ್ರು. "ಆ ಹುಡುಗ ಕಾಗದ ಎಸೆದು ಓಡ್ತಾನೆ. ನಾಲ್ಕು ಕಾಗದ ಹಾಗೇ ಇವೆ."

ನಾಲ್ಕನ್ನೂ ಓದಿದಳು. ತಂಗಿಗೆ ಅಣ್ಣನನ್ನು ನೋಡುವ ಆಸೆ, ಬರಲು ಮೊಣಕಾಲು ಬಿಡದು. ಓದುತ್ತ ಅವಳ ಬಲಗಣ್ಣು ತುಂಬಿ ಹರಿಯಿತು. ಎಡಗಣ್ಣು ಒಣಗಿಯೇ ಇತ್ತು.

ಮರುದಿನ ಬೆಳಗ್ಗೆ ಆ ಕಣ್ಣು ಕೆಂಡದಂತಾಗಿತ್ತು. ಗಂಡನ ಮುಖ ಮಂಜಿನೊಳಗಿದ್ದಂತೆ ಕಂಡಿತು.

"ಹುಣ್ಣಾಗಿದೆ," ಎಂದರು ಡಾಕ್ಟರಮ್ಮ. ಬೈಯಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಹುಣ್ಣು ಮಾಯುವ ಹೊತ್ತಿಗೆ ಬಂಗಾರಕ್ಕೆ ಒಪ್ಪಿದಳು.

"ಕಿವಿಗೆ ಕೇಳಿದ್ರೆ ಕೊಡಿಸ್ಲಿಲ್ಲ, ರೆಪ್ಪೆಗೆ ಬಂತು ನೋಡಿ," ಎಂದು ಗಂಡನನ್ನು ಛೇಡಿಸಿದಳು. ಅವನು ನಗಲು ಹೋಗಿ ಅತ್ತುಬಿಟ್ಟ.

ಈಗ ಕಣ್ಣು ಮುಚ್ಚುತ್ತದೆ. ಹನಿ ದಿನಕ್ಕೆ ನಾಲ್ಕೈದು ಸಲ ಸಾಕು. ನೋಟದ ನಡುವೆ ತೆಳುವಾದ ಮಸುಕೊಂದು ಉಳಿದುಬಿಟ್ಟಿದೆ. ಸೈಕಲ್ಲನ್ನು ತನ್ನ ತಂಗಿಯ ಮಗಳಿಗೆ ಕೊಟ್ಟಾಯಿತು. ಕೆಲಸ ಮುಗಿದ ಮೇಲೆ, ಗಾಳಿಯಿಲ್ಲದ ಸಂಜೆಗಳಲ್ಲಿ, ಬದಿಗಳೂ ಮುಚ್ಚಿದ ಕನ್ನಡಕ ಹಾಕಿಕೊಂಡು ಅವಳು ಮೇಷ್ಟ್ರ ಮನೆಗೆ ನಡೆದೇ ಹೋಗುತ್ತಾಳೆ. ಓದಲು ಕಾಗದವಿಲ್ಲದ ದಿನ ಅಲ್ಲಿಂದ ಮುಂದಕ್ಕೂ ನಡೆಯುತ್ತಾಳೆ, ತನ್ನ ಹಳೆಯ ಬೀದಿಗಳಲ್ಲಿ. ಗೇಟಿನ ಬಳಿ ನಿಂತವರು, "ಏನಾದ್ರೂ ಬಂದಿದೆಯಾ ಅಕ್ಕ?" ಎಂದು ಕೇಳುತ್ತಾರೆ.

"ಇಲ್ಲಪ್ಪ, ಸುಮ್ಮನೆ ಬಂದೆ," ಎನ್ನುತ್ತಾಳೆ ಅವಳು. ಎಂದರೂ ಒಂದು ಕ್ಷಣ ಅಲ್ಲೇ ನಿಲ್ಲುತ್ತಾಳೆ.