ರೀಲಿನ ಬಳೆಗಾರ್ತಿ ಹಾಜರಾಬಿ

ಗಬ್ಬೂರಿನ ಓಣಿಗಳಲ್ಲಿ ಹಾಜರಾಬಿಗೆ ಕೈ ಕೊಡದ ಹೆಂಗಸರು ಕಡಿಮೆ. ಮದುವೆ, ಬಸುರಿಯ ಕುಬಸ, ಹಬ್ಬ, ಏನೇ ಇರಲಿ, ಬಳೆಯ ಮಲಾರ ಹೊತ್ತು ಅವಳೇ ಬರಬೇಕು. ಬಳೆ ಏರಿಸುವಾಗ ಅವಳು ಏನಾದರೂ ಮಾತಿಗೆಳೆಯುತ್ತಾಳೆ. ಮಾತಿನಲ್ಲಿ ಮೈಮರೆತ ಕೈ ತಾನೇ ಸಡಿಲಾಗುತ್ತದೆ. ಗಂಡನಿಗೂ ಹೇಳದ್ದನ್ನು ಹೆಂಗಸರು ಅವಳಿಗೆ ಹೇಳುವುದು ಆಗಲೇ.

ವಿದ್ಯಾನಗರದ ಡಾಕ್ಟರ್ ಭಾಗ್ಯಶ್ರೀ ಸ್ತನ ಕ್ಯಾನ್ಸರ್ ತಪಾಸಣೆಯ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ರೀಲ್ ಹಾಕುತ್ತಿದ್ದರು. ಜನ ನೋಡುತ್ತಿದ್ದರು, ಮೆಚ್ಚುತ್ತಿದ್ದರು, ತಪಾಸಣೆಗೆ ಮಾತ್ರ ಬರುತ್ತಿರಲಿಲ್ಲ. ಹೋದ ವರ್ಷ ಅವರು ತಪಾಸಣೆಯ ಮಷಿನ್ ಇರುವ ಬಸ್ಸನ್ನೇ ಗಬ್ಬೂರಿಗೆ ತಂದರು. ಬಸ್ಸಿನ ಸುತ್ತ ನೆರೆದ ಹೆಂಗಸರು ಒಬ್ಬರನ್ನೊಬ್ಬರು ಮುಂದೆ ದೂಡಿ ನಕ್ಕರೇ ಹೊರತು ಯಾರೂ ಮೆಟ್ಟಿಲು ಹತ್ತಲಿಲ್ಲ. ಅಲ್ಲೇ ಹಾದುಹೋಗುತ್ತಿದ್ದ ಹಾಜರಾಬಿ ಗದರಿದಳು.

"ಬಳಿ ಇಟ್ಕೊಳ್ಳಾಕ ಅರ್ಧ ದಿನ ಕುಂದರ್ತೀರಿ, ಇದಕ್ಕ ಒಂದು ಗಳಿಗಿ ಇಲ್ಲೇನು? ನನ್ನ ನೋಡ್ರಿ. ನಾ ಮುಂಜಾನೆನ ತೋರಿಸ್ಕೊಂಡೆ, ಏನಾತು? ಕೈಯಾಗಿನ ಬಳಿ ಸೈತ ಒಡೀಲಿಲ್ಲ!"

ಹೆಂಗಸರು ಗೊಳ್ಳೆಂದು ನಕ್ಕು ಒಬ್ಬೊಬ್ಬರಾಗಿ ಹತ್ತತೊಡಗಿದರು. ಡಾಕ್ಟರ್ ಕೈಯಲ್ಲಿದ್ದ ಫೋನು ಇದನ್ನೆಲ್ಲ ಹಿಡಿದಿತ್ತು. ರೀಲಾಗಿ ಹಾಕಲೇ ಎಂದು ಕೇಳಿದಾಗ ಹಾಜರಾಬಿ ಖುಷಿಯಿಂದಲೇ ಒಪ್ಪಿದಳು.

ಆದರೆ ಅವಳು ಆಡಿದ್ದು ನಿಜವಾಗಿರಲಿಲ್ಲ. ಆ ಹೊತ್ತಿಗೆ ಅವಳಿನ್ನೂ ಬಸ್ಸು ಹತ್ತಿರಲಿಲ್ಲ. ಗಿರಾಕಿ ಹಿಂದೆಮುಂದೆ ನೋಡಿದರೆ "ಇದನ್ನ ನಾನೂ ಇಟ್ಕೊಂಡೇನಿ, ಗಟ್ಟಿ ಐತಿ" ಎನ್ನುವುದು ಬಳೆಗಾರರ ರೂಢಿ. ಅದೇ ರೂಢಿಯಲ್ಲಿ ಬಾಯಿಗೆ ಬಂದ ಮಾತು. ಎಲ್ಲರನ್ನೂ ಹತ್ತಿಸಿ ಆಮೇಲೆ ತಾನು ಹತ್ತಬೇಕೆಂದಿದ್ದಳು. ಸಾಲು ಉದ್ದವಾಯಿತು, ಸಂಜೆಯಾಯಿತು, ಬಸ್ಸು ಹೊರಟುಹೋಯಿತು.

ರೀಲು ಊರೆಲ್ಲ ಓಡಾಡಿತು. ಗಂಡ ಗುಲಾಬಸಾಬ ಗೋಕುಲ ರಸ್ತೆಯ ತನ್ನ ಗ್ಯಾರೇಜಿಗೆ ಬಂದವರಿಗೆಲ್ಲ ಅದನ್ನು ತೋರಿಸಿದ. "ನಮ್ಮ ಮನ್ಯಾಗ ಡಾಕ್ಟರ್ ಅದಾರ್ರಿ, ಕಲ್ತಿಲ್ಲ ಅಷ್ಟ" ಎಂದು ಚೇಷ್ಟೆ ಮಾಡಿದ.

ಈ ವರ್ಷ ರಂಜಾನ್ ಕಳೆದ ಮೇಲೆ, ಒಂದು ದಿನ ಸ್ನಾನ ಮಾಡುವಾಗ ಹಾಜರಾಬಿಯ ಕೈಗೆ ಎಡ ಎದೆಯಲ್ಲಿ ಗಂಟು ತಾಗಿತು. ಒತ್ತಿದರೆ ನೋವಿಲ್ಲ. ನೋವಿಲ್ಲದ ಗಂಟನ್ನೂ ತೋರಿಸಬೇಕು ಎಂದು ಡಾಕ್ಟರ್ ರೀಲಿನಲ್ಲಿ ಹೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು.

ಅವಳು ಹೋಗಲಿಲ್ಲ. ಮಷಿನ್ನಿಗೆ ನಿಂತರೆ ಇಲ್ಲದ ರೋಗ ಮೈಗೆ ಬರುತ್ತದೆ ಎಂದು ಓಣಿಯಲ್ಲಿ ಮೊದಲಿನಿಂದಲೂ ಒಂದು ಮಾತಿತ್ತು. ಈಗ ತನಗೇ ರೋಗ ಎಂದಾದರೆ ಆ ಮಾತು ಖರೇ ಆಗುತ್ತದೆ. ಯಾವ ಹೆಂಗಸೂ ಇನ್ನು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ತಾನು ಮಷಿನ್ನಿಗೆ ನಿಂತೇ ಇರಲಿಲ್ಲ ಎಂದು ಹೇಳಿದರೆ ಸುಳ್ಳಿಯಾಗುತ್ತಾಳೆ. ಸುಳ್ಳಿಯನ್ನು ಕುಬಸಕ್ಕೆ ಕರೆಯುವವರು ಯಾರು? ಧಾರವಾಡಕ್ಕೆ ಹೋಗಿ ಗುಟ್ಟಾಗಿ ತೋರಿಸೋಣವೆಂದು ಬಸ್ಸು ಹತ್ತಿದರೆ ಪಕ್ಕದ ಸೀಟಿನ ಹುಡುಗಿ, "ನೀವು ಬಳಿ ಆಂಟಿ ಅಲ್ರೀ?" ಎಂದು ಸೆಲ್ಫಿ ಕೇಳಿದಳು. ಮುಂದಿನ ನಿಲ್ದಾಣದಲ್ಲೇ ಇಳಿದು ಮನೆಗೆ ಬಂದಳು. ಮಳೆಗಾಲ ಹಿಡಿಯುವ ಹೊತ್ತಿಗೆ ಗಂಟು ಅಡಕೆಯಷ್ಟಾಗಿತ್ತು.

ಹಾಗಿರುವಾಗ ಎದುರು ಮನೆಯ ಶರಣವ್ವ ಬಂದಳು. ಹೋದ ವರ್ಷ ಹೆದರಿ ಬಸ್ಸು ಹತ್ತದೆ ಉಳಿದವಳು.

"ಹಾಜರಾ, ಖರೇ ಹೇಳ್ತೇನಿ, ನಿನ್ನ ಮುಖಾ ನೋಡಿ ತಪಾಸಕ್ಕ ಹೊಂಟೇನಿ. ನೀ ಸಂಗಾಟ ಬರಬೇಕು. ನನಗೇನರ ಆದ್ರ ಓಣಿ ಮಂದಿನ್ನೆಲ್ಲಾ ಕೂಡಿಸಿ ನಿನ್ನ ಬೈಸ್ತೇನಿ ನೋಡು."

ಇಲ್ಲ ಎನ್ನಲು ಕಾರಣ ಸಿಗಲಿಲ್ಲ. ವಿದ್ಯಾನಗರದ ಆಸ್ಪತ್ರೆಯಲ್ಲಿ ಶರಣವ್ವ ಒಳಗೆ ಹೋಗಿ ನಗುತ್ತ ಹೊರಗೆ ಬಂದಳು. "ಏನೂ ಇಲ್ಲಂತ! ಸುಳ್ಳ ಅಂಜಿದ್ನಲ್ಲ!" ಅವಳ ಹಿಂದೆಯೇ ಬಂದ ಡಾಕ್ಟರ್ ಹಾಜರಾಬಿಯನ್ನು ಕಂಡು ಹಿಗ್ಗಿದರು.

"ಬರ್ರಿ ಹಾಜರಾಬಿ! ಛಲೋ ಆತು. ಇಬ್ಬರೂ ಕೂಡೇ ನಿಂದರ್ರಿ, ಇನ್ನೊಂದು ರೀಲ್ ಮಾಡೂಣು. ವರ್ಷ ಆತು, ನಾ ಆರಾಮ ಅದೇನಿ ಅಂತ ಹೇಳ್ರಿ, ಸಾಕು."

ಶರಣವ್ವ ಸೆರಗು ಸರಿ ಮಾಡಿಕೊಂಡು ಪಕ್ಕದಲ್ಲಿ ನಿಂತಳು. ಡಾಕ್ಟರ್ ಫೋನು ಎತ್ತಿ ಹಿಡಿದರು. ಹಾಜರಾಬಿ ಬಾಯಿ ತೆರೆದಳು. ಮತ್ತೆ ಮುಚ್ಚಿ ಕೈಬಳೆ ತಿರುಗಿಸಿದಳು.

"ಯಾಕ ಹಾಜರಾ? ಗಿರಾಕಿ ಮುಂದ ಬರೂ ಮಾತ್ ಫೋನಿನ ಮುಂದ ಬರೂದಿಲ್ಲೇನ ನಿನಗ?" ಶರಣವ್ವ ತಿವಿದಳು.

"ಡಾಕ್ಟರ್, ಒಳಗ ಬರ್ರಿ. ಮಾತಾಡೂದೈತಿ" ಎಂದಳು ಹಾಜರಾಬಿ.

ಒಳಗೆ ಎಲ್ಲವನ್ನೂ ಹೇಳಿದಳು. ಡಾಕ್ಟರ್ ಬೈಯಲಿಲ್ಲ. ಪರೀಕ್ಷೆ ಮಾಡುತ್ತ ಅವರ ಬೆರಳು ಒಂದು ಕಡೆ ನಿಂತಿತು.

"ಸೂಜಿ ಹಾಕಿ ತಪಾಸ ಮಾಡಬೇಕ್ರಿ, ಇವತ್ತ. ಗಂಟೆಲ್ಲಾ ಕ್ಯಾನ್ಸರ್ ಅಲ್ಲ. ಆದ್ರ ತಡಾ ಆಗೇತಿ." ಆಮೇಲೆ ತಗ್ಗಿದ ದನಿಯಲ್ಲಿ, "ಹಾಕೂಕಿಂತ ಮೊದಲ, ಖರೇನ ತೋರಿಸ್ಕೊಂಡೀರೇನು ಅಂತ ನಾನರ ಕೇಳಬೇಕಾಗಿತ್ತು. ಆ ರೀಲ್ ತಗದುಬಿಡ್ತೇನಿ" ಎಂದರು.

"ತಗದ್ರ ಏನ್ ಬಂತ್ರಿ? ಎಲ್ಲಾರ ಫೋನಿನ್ಯಾಗ ಐತಿ."

ಹೊರಗೆ ಬಂದು ಶರಣವ್ವನಿಗೂ ಎಲ್ಲವನ್ನೂ ಹೇಳಿದಳು. ಶರಣವ್ವನ ಮುಖ ಕೆಂಪಾಯಿತು.

"ಮಂದಿನ್ನೆಲ್ಲಾ ಒಳಗ ದೂಡಿ ನೀ ಹೊರಗ ನಿಂತಿದ್ಯಾ? ಎಂಥಾಕಿ ಇದ್ದೀಯವ್ವಾ ನೀ!"

ಅಷ್ಟರಲ್ಲಿ ಶರಣವ್ವನ ಫೋನು ಹೊಡೆದುಕೊಂಡಿತು. ಸೊಸೆ ಐಶ್ವರ್ಯಾ. ಸುತ್ತ ಓಣಿಯ ಹೆಂಗಸರ ಗದ್ದಲ ಕೇಳುತ್ತಿತ್ತು. "ಅತ್ತಿ, ಏನಂದ್ರು? ಸ್ಪೀಕರ್ ಹಚ್ಚೇನಿ, ಎಲ್ಲಾರೂ ಕೇಳಾಕತ್ತಾರ. ನಾಳೆ ನಾವೂ ಬರಬೇಕಂತ ಮಾಡೇವಿ."

ಶರಣವ್ವ ಹಾಜರಾಬಿಯನ್ನು ದಿಟ್ಟಿಸಿ ನೋಡಿದಳು. ಫೋನನ್ನು ಅವಳ ಕೈಗೆ ತುರುಕಿದಳು. ಅತ್ತ ಬಾಗಿಲಲ್ಲಿ ನರ್ಸು ಸೂಜಿಯ ತಪಾಸಣೆಗೆ ಹಾಜರಾಬಿಯ ಹೆಸರು ಕೂಗುತ್ತಿದ್ದಳು.

"ಐಶ್ವರ್ಯಾ, ನಾ ಹಾಜರಾ. ನಿಮ್ಮ ಅತ್ತಿ ಆರಾಮ ಅದಾಳ. ನನ್ನ ಎದ್ಯಾಗ ಗಂಟ ಐತಿ. ಮಷಿನ್ನಿಂದ ಬಂದಿದ್ದಲ್ಲ. ಅವತ್ತ ನಾ ಬಸ್ಸ ಹತ್ತಿರಲಿಲ್ಲ, ಸುಳ್ಳ ಹೇಳಿದ್ದೆ."

ಅತ್ತಲಿಂದ ಯಾರೋ ಒಬ್ಬಳು, "ಈಗ ಹೇಳೂದು ಖರೇ ಅಂತ ಹೆಂಗ ನಂಬೂದು?" ಎಂದಳು. ಫೋನು ಮಾತ್ರ ಯಾರೂ ಇಡಲಿಲ್ಲ. ಹಾಜರಾಬಿ ಅದನ್ನು ಹಾಗೆಯೇ ಶರಣವ್ವನಿಗೆ ಕೊಟ್ಟು ನರ್ಸಿನ ಹಿಂದೆ ಒಳಗೆ ಹೋದಳು.