ಎಡಮೂಲೆಯ ಫರಸಿ

ಮೊನ್ನೆ ಹುಮನಾಬಾದಿನ ನಮ್ಮ ಮನೆಗೆ ಅಡುಗೆಮನೆಯ ನೆಲ ಸರಿಮಾಡಲು ಗೌಂಡಿ ಬಂದಿದ್ದ. ಕರಣಿಯ ಹಿಡಿಯಿಂದ ಒಂದೊಂದೇ ಫರಸಿ ಕಲ್ಲನ್ನು ತಟ್ಟುತ್ತಾ ಹೋಗುತ್ತಿದ್ದ. ಟಣ್, ಟಣ್. ಒಲೆಕಟ್ಟೆಯ ಹತ್ತಿರ ಒಂದು ಕಲ್ಲು 'ಧಬ್' ಎಂದಿತು. "ಪೊಳ್ಳ ಅದರಿ ಅಕ್ಕಾ, ತೆಳಗ ಮಣ್ಣ ಕುಂತದ" ಎಂದ. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ನಾದಿನಿ ಜಗದೇವಿ ಆ ಸದ್ದಿಗೆ ತಟ್ಟನೆ ಎಡಗಾಲನ್ನು ಹಿಂದಕ್ಕೆಳೆದುಕೊಂಡಳು. ಕಲ್ಲು ಅವಳಿಂದ ಎಷ್ಟೋ ದೂರದಲ್ಲಿತ್ತು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಗೌಂಡಿ ನಮ್ಮಿಬ್ಬರನ್ನೂ ನೋಡಿ, ಇವರ ಮನೆಯ ವಿಷಯ ನಮಗೇಕೆ ಎಂಬಂತೆ ಮುಂದಿನ ಕಲ್ಲಿಗೆ ಹೋದ.

ಆ ಸದ್ದು ಕೇಳಲು ಬೇರೆ ದಿನವೇ ಸಿಗಲಿಲ್ಲವೇ ಅನಿಸಿತು. ಹಿಂದಿನ ವಾರವಷ್ಟೇ ಬಸವಕಲ್ಯಾಣದಿಂದ ಮಹಾನಂದಾ ಫೋನು ಮಾಡಿದ್ದಳು. ನಾನೂ ಅವಳೂ ಓದಿದ ಕಾಲೇಜಿನಲ್ಲಿ ಅವಳೀಗ ಆಟ ಕಲಿಸುವ ಮೇಡಂ. ಹಳೆಯ ಬಾಸ್ಕೆಟ್‌ಬಾಲ್ ಅಂಗಳ ಕಿತ್ತು ಹೊಸದು ಮಾಡಿದ್ದಾರಂತೆ. ಉದ್ಘಾಟನೆಯ ದಿನ ಓದಲು ಹುಡುಗಿಯರ ತಂಡದ ಇತಿಹಾಸ ಮತ್ತು ಸಾಧನೆಗಳನ್ನು ನಾನು ಬರೆದುಕೊಡಬೇಕಂತೆ. "ನೀ ಕನ್ನಡ ಕಲಸಾಕಿ, ನಿನಗೇನ್ ಕಷ್ಟ? ಮತ್ತ ಜಗದೇವಿನ್ನ ಕರಕೊಂಡು ಬಾ" ಎಂದಳು. ಕಷ್ಟ ಎರಡರಲ್ಲೂ ಇತ್ತು. ಸಾಧನೆಯೆಂದು ಕಾಲೇಜಿನ ಕಪಾಟಿನಲ್ಲಿರುವುದು ಒಂದು ಕಪ್ ಮತ್ತು ಮೂಲೆ ಮುರಿದ ಒಂದು ಫಲಕ. ಆ ಕಪ್‌ನಲ್ಲಿ ಹಲ್ಲಿ ಮೊಟ್ಟೆ ಇಟ್ಟಿದ್ದನ್ನು ನಾನೇ ಕಂಡಿದ್ದೇನೆ. ಇನ್ನು ಜಗದೇವಿ, ಅವಳು ಆ ಅಂಗಳಕ್ಕೆ ಒಮ್ಮೆ ಕಾಲಿಟ್ಟವಳು ಮತ್ತೆ ಇಟ್ಟಿರಲಿಲ್ಲ.

ಇತಿಹಾಸ ಎಂದರೆ ಇಷ್ಟು. ಕರಿಮಣ್ಣಿನ ಮೇಲೆ ಚೆಂಡು ಪುಟಿಯುವುದಿಲ್ಲ. ಬಿದ್ದಲ್ಲೇ ಕುಂಡೆ ಊರಿ ಕೂತುಬಿಡುತ್ತದೆ. ಸಿಮೆಂಟು ಹಾಕಿಸುವ ಶಕ್ತಿ ಕಾಲೇಜಿಗಿರಲಿಲ್ಲ. ಕಟ್ಟಡ ಕಟ್ಟಿ ಉಳಿದಿದ್ದ ಶಹಾಬಾದಿ ಫರಸಿಗಳನ್ನೇ ಹಾಸಿ, ಎರಡು ಕಂಬ ನೆಟ್ಟು, ಬಾಸ್ಕೆಟ್‌ಬಾಲ್ ಅಂಗಳ ಎಂದರು. ಪ್ರತಿ ಮಳೆಗಾಲಕ್ಕೂ ಕಲ್ಲಿನ ಕೆಳಗಿನ ಮಣ್ಣು ಹರಿದುಹೋಗಿ ಅಲ್ಲೊಂದು ಇಲ್ಲೊಂದು ಕಲ್ಲು ಸಡಿಲಾಗುತ್ತಿತ್ತು. ಯಾವುದು ಗಟ್ಟಿ, ಯಾವುದು ಪೊಳ್ಳು, ಚೆಂಡು ಎಲ್ಲಿ ಸೊಟ್ಟ ಹಾರುತ್ತದೆ ಎಂಬುದೆಲ್ಲ ನಮಗೆ ಬಾಯಿಪಾಠ. ಹಾಗಾಗಿ ಮನೆಯಲ್ಲಿ ಹುಲಿ, ಹೊರಗೆ ಇಲಿ. ಬೀದರಿನ ನುಣ್ಣನೆಯ ಸಿಮೆಂಟಿನ ಮೇಲೆ ನಿಂತರೂ ನಮ್ಮ ಕಣ್ಣು ಅಲ್ಲಿಲ್ಲದ ಪೊಳ್ಳು ಕಲ್ಲನ್ನು ಹುಡುಕುತ್ತಿತ್ತು, ಅಷ್ಟರಲ್ಲಿ ಎದುರಾಳಿಗಳು ಚೆಂಡು ಹಾಕಿ ಮುಗಿಸಿರುತ್ತಿದ್ದರು.

ನನ್ನನ್ನು ತಂಡಕ್ಕೆ ಸೇರಿಸಿಕೊಂಡದ್ದು ಎತ್ತರ ನೋಡಿ. ಎತ್ತರ ಬಿಟ್ಟರೆ ನನ್ನಲ್ಲಿ ಬೇರೇನೂ ಇಲ್ಲವೆಂದು ತಿಳಿಯುವಷ್ಟರಲ್ಲಿ ಸಮವಸ್ತ್ರ ಹೊಲಿಸಿಯಾಗಿತ್ತು. ಆದ್ದರಿಂದ ನೀರಿನ ಬಿಂದಿಗೆ ನನ್ನ ವಶವಾಯಿತು.

ನಮ್ಮಲ್ಲೊಂದು ರಿವಾಜು ಇತ್ತು. ಹೊರಗಿನ ತಂಡ ಬಂದಾಗ ಆಟಕ್ಕೆ ಮೊದಲು ನಮ್ಮ ನಾಯಕಿ ಅವರ ನಾಯಕಿಯನ್ನು ಅಂಗಳದ ಉದ್ದಗಲಕ್ಕೂ ನಡೆಸಿ, ಕೆಟ್ಟ ಕಲ್ಲುಗಳನ್ನೆಲ್ಲ ತೋರಿಸಬೇಕು. ಇದು ಆಟದ ಸರ್ ಹಾಕಿಕೊಟ್ಟ ಪಾಠ. "ಮನಿಗಿ ಬಂದವರಿಗಿ ಮೊದಲ ನೀರ ಕೊಡ್ರಿ, ಆಮ್ಯಾಲ ಫರಸಿ ತೋರಸ್ರಿ, ಆಮ್ಯಾಲ ಸೋಲಸ್ರಿ" ಎನ್ನುತ್ತಿದ್ದರು.

ಮಹಾನಂದಾ ನಾಯಕಿಯಾದ ವರ್ಷ ಹುಮನಾಬಾದಿನವರು ಆಡಲು ಬಂದರು. ಅಂದು ಪಣಕ್ಕಿದ್ದದ್ದು ಕಪ್ ಅಲ್ಲ. "ಪ್ರತಿ ವರ್ಷ ಅವರ ಕೈಲೆ ಸೋತು ಬರ್ತೀರಿ. ಈ ಸಲನೂ ಸೋತ್ರ ಟೀಮ್ ಬಂದ್. ಆ ಜಗಾದಾಗ ಸೈಕಲ್ ಸ್ಟ್ಯಾಂಡ್ ಮಾಡಸ್ತೀನಿ" ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ನಮಗೆಲ್ಲ ಅದು ಬೇಸರದ ಮಾತು. ಮಹಾನಂದಾಳಿಗೆ ಅದು ಕುತ್ತಿಗೆಗೆ ಬಂದ ಮಾತು. ಅವಳ ಮನೆಯವರು ಕುರಿ ಕಾಯುವವರು. ಆಟಗಾರ್ತಿಯರಿಗೆ ಫೀ ಮಾಫ್ ಎಂಬ ಕಾರಣಕ್ಕೇ ಅಪ್ಪ ಅವಳನ್ನು ಕಾಲೇಜಿಗೆ ಬಿಟ್ಟಿದ್ದ. ತಂಡ ನಿಂತರೆ ಅವಳ ಓದೂ ನಿಂತಂತೆಯೇ. ಆ ಬೆಳಗ್ಗೆ ಅವಳು ನಾವು ತಂದ ಬುತ್ತಿಯನ್ನು ಮುಟ್ಟಲಿಲ್ಲ.

ಹುಮನಾಬಾದಿನ ನಾಯಕಿಯೇ ಜಗದೇವಿ. ಮಹಾನಂದಾ ಅವಳನ್ನು ಅಂಗಳದ ತುಂಬ ನಡೆಸಿದಳು, ಬಿಂದಿಗೆ ಹೊತ್ತು ನಾನು ಹಿಂದೆ. ಎಡಮೂಲೆಯಲ್ಲಿ, ಕಂಬದ ಹತ್ತಿರ, ಹಿಮ್ಮಡಿಯಿಂದ ತಟ್ಟಿ ತೋರಿಸಿದಳು. ಧಬ್. "ಇದು ನಿನ್ನಿ ಮಳಿಗಿ ಸಡಲಾಗ್ಯದರಿ. ಇದರ ಮ್ಯಾಲ ಕಾಲ ಇಡಬ್ಯಾಡ್ರಿ." ಜಗದೇವಿ ಹೂಂ ಅಂದು ಸಣ್ಣಗೆ ನಕ್ಕಳು. ಚೆಂಡು ಎಸೆಯಲು ಅದಕ್ಕಿಂತ ಒಳ್ಳೆಯ ಮೂಲೆ ಇರಲಿಲ್ಲ. ತಮ್ಮನ್ನು ಅಲ್ಲಿಂದ ದೂರವಿಡಲು ಇವಳು ಹೂಡಿದ ಆಟವಿದು ಎಂದು ಆಕೆ ಎಣಿಸಿದ್ದು ನಮಗೆ ಆಗ ತಿಳಿಯಲಿಲ್ಲ.

ಆಟದ ಬಗ್ಗೆ ನನ್ನನ್ನು ಹೆಚ್ಚು ಕೇಳಬೇಡಿ, ಅರ್ಧ ಆಟ ಕಣ್ಣು ಮುಚ್ಚಿಕೊಂಡಿದ್ದೆ. ಅವರು ಹಾಕಿದರು, ನಾವು ಹಾಕಿದೆವು. ಕೊನೆಗೆ ಎರಡೂ ಕಡೆ ಸಮ, ಸಮಯ ಮುಗಿಯುತ್ತಾ ಬಂದಿತ್ತು. ಪ್ರಿನ್ಸಿಪಾಲರು ಕೈಕಟ್ಟಿ ನಿಂತಿದ್ದರು. ಜಗದೇವಿ ಚೆಂಡು ಪುಟಿಸುತ್ತಾ ಇಬ್ಬರನ್ನು ದಾಟಿ ನೇರ ಎಡಮೂಲೆಗೆ ನುಗ್ಗಿದಳು. ನಮ್ಮವರು ಯಾರೋ "ಬ್ಯಾಡ!" ಎಂದು ಚೀರಿದರು. ಧಬ್ ಎಂದಿತು. ಕಲ್ಲು ವಾಲಿತು, ಅವಳ ಎಡಮೊಳಕಾಲು ತಿರುಚಿ ಬಿದ್ದಳು.

ಅವರ ಕೋಚ್ ಓಡಿ ಬಂದವರೇ ಕೂಗಾಡತೊಡಗಿದರು. "ಖೆಡ್ಡಾ ತೋಡಿಟ್ಟಾರ! ಬೇಕಂತ ಬೀಳಸ್ಯಾರ!" ಅಂಪೈರು ಸೀಟಿ ಊದಿ ಎಲ್ಲರನ್ನೂ ಸುಮ್ಮನಾಗಿಸಿದರು. "ಕಲ್ಲು ಕೆಟ್ಟದ ಅಂತ ಮೊದಲೇ ಹೇಳಿದ್ದಿಲ್ಲಂದ್ರ ಆಟ ಹುಮನಾಬಾದಿನವರಿಗಿ" ಎಂದರು. ತೋರಿಸಿದ್ದನ್ನು ನಾನು ಕಣ್ಣಾರೆ ಕಂಡವಳು. ಮುಂದೆ ಹೋಗಿ ಹೇಳಿದೆ. "ನೀ ಇವರಾಕಿನೇ ಅಲ್ಲೇನವಾ?" ಎಂದು ಕೋಚ್ ನನ್ನನ್ನು ಪಕ್ಕಕ್ಕೆ ಸರಿಸಿದರು. ಇನ್ನು ಹೇಳಬೇಕಾದವಳು ಒಬ್ಬಳೇ, ಅವಳು ನೆಲದ ಮೇಲೆ ಮೊಳಕಾಲು ಹಿಡಿದುಕೊಂಡು ಕೂತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವಳ ತಂಡ ಗೆದ್ದಂತೆ.

ಮಹಾನಂದಾ ಬಂದು ಅಂಗಲಾಚುತ್ತಾಳೆ, ಆಣೆ ಇಡುತ್ತಾಳೆ ಎಂದುಕೊಂಡೆ. ಅವಳು ಹಾಗೇನೂ ಮಾಡಲಿಲ್ಲ. ಹುಮನಾಬಾದಿನ ಹುಡುಗಿಯರೆಲ್ಲ ಅತ್ತಲೇ ಓಡಿ ಬರುತ್ತಿದ್ದ ಗಲಾಟೆಯಲ್ಲಿ ನಡೆದು ಹೋಗಿ ಆ ವಾಲಿದ ಕಲ್ಲಿನ ಮೇಲೆ ಎರಡೂ ಕಾಲು ಊರಿ ನಿಂತುಬಿಟ್ಟಳು. ಇವಳಿಗೆ ತಲೆ ಕೆಟ್ಟಿತು ಅಂದುಕೊಂಡೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಜಗದೇವಿ ನೀರು ಕೇಳಿದಳು. ಬಿಂದಿಗೆ ಕೊಡುವಾಗ ಅರ್ಧ ನೀರು ಅವಳ ಸಮವಸ್ತ್ರದ ಮೇಲೆ ಚೆಲ್ಲಿದೆ. ಅವಳು ಗುಟುಕು ಗುಟುಕಾಗಿ ಕುಡಿದಳು. ಅಷ್ಟು ನಿಧಾನವಾಗಿ ಯಾರಾದರೂ ನೀರು ಕುಡಿದದ್ದನ್ನು ನಾನು ಕಂಡಿಲ್ಲ. "ಹೇಳ್, ತೋರಸಿಲ್ಲಂತ ಹೇಳ್" ಎಂದು ಅವರ ಕೋಚ್ ಬಗ್ಗಿ ಪಿಸುಗುಟ್ಟುತ್ತಿದ್ದುದು ನನಗೂ ಕೇಳುತ್ತಿತ್ತು. ಅವಳು ಕಲ್ಲಿನ ಕಡೆ ನೋಡಿದಳು. ಬಿಂದಿಗೆ ವಾಪಸು ಕೊಟ್ಟಳು.

"ತೋರಸ್ಯಾಳರಿ," ಎಂದಳು. "ನಾನೇ ನಂಬಲಿಲ್ಲ."

ಆಟ ಮತ್ತೆ ಸುರುವಾಯಿತು. ನಮ್ಮ ಹುಡುಗಿಯೊಬ್ಬಳು ಫೌಲ್ ತುಂಬಿ ಹೊರಗೆ ಹೋಗಿದ್ದರಿಂದ, ಬೇರೆ ಗತಿಯಿಲ್ಲದೆ, ನನ್ನನ್ನು ಇಳಿಸಿದರು. ಚೆಂಡು ಹೇಗೋ ನನ್ನ ಕೈಗೆ ಬಂತು. ಬಂದದ್ದನ್ನು ಬೇಗ ಕಳೆದುಕೊಳ್ಳಬೇಕೆಂದು ಮಹಾನಂದಾಳತ್ತ ಎಸೆದೆ. ಅವಳು ಆ ಕಲ್ಲನ್ನು ಬಿಟ್ಟು ಕದಲಿರಲಿಲ್ಲ. ಅಲ್ಲಿಂದಲೇ, ಕಾಲಡಿ ಕಲ್ಲು ತೂಗಾಡುತ್ತಿರುವಂತೆಯೇ, ಅಂಗಳದ ಆ ತುದಿಯ ಬುಟ್ಟಿಗೆ ಚೆಂಡು ಹಾಕಿದಳು. ಗೆದ್ದೆವು. ಸೈಕಲ್ ಸ್ಟ್ಯಾಂಡ್ ಬೇರೆ ಕಡೆ ಆಯಿತು.

ಗೆದ್ದ ಖುಷಿ ಬಹಳ ಹೊತ್ತು ಇರಲಿಲ್ಲ. ಹುಮನಾಬಾದಿನ ಹುಡುಗಿಯರು ಜಗದೇವಿಯೊಡನೆ ಮಾತು ಬಿಟ್ಟಿದ್ದರು. ತನ್ನ ತಂಡದ ಟೆಂಪೋ ಹತ್ತಲು ಅವಳಿಗೆ ಮನಸ್ಸಾಗಲಿಲ್ಲ. ನಾವೇ ಅವಳನ್ನು ಬಸ್ಸಿನಲ್ಲಿ ಮನೆಗೆ ಮುಟ್ಟಿಸಿದೆವು. ದಾರಿಯುದ್ದಕ್ಕೂ ಅವಳ ಕಾಲು ನನ್ನ ತೊಡೆಯ ಮೇಲಿತ್ತು. ಆ ಮೊಳಕಾಲು ಮತ್ತೆ ಮೊದಲಿನಂತಾಗಲಿಲ್ಲ, ಅವಳು ಮತ್ತೆ ಆಡಲೂ ಇಲ್ಲ. ಮಗಳ ಕಾಲು ಹಿಡಿದುಕೊಂಡು ಬಂದ ಉದ್ದನೆಯ ಹುಡುಗಿಯನ್ನು ಅವಳ ತಾಯಿ ಮರೆಯದೆ, ಮುಂದೆ ಮಗನಿಗೆ ಕೇಳಿಕೊಂಡು ಬಂದರು. ಹೀಗೆ ಬಾಸ್ಕೆಟ್‌ಬಾಲಿನಿಂದ ನನಗೆ ಸಿಕ್ಕ ಏಕೈಕ ಬಹುಮಾನ ಗಂಡ. ಬಹುಮಾನ ಹೇಗಿದೆಯೆಂದು ಕೇಳಬೇಡಿ, ವಾಪಸು ಕೊಡುವ ಪದ್ಧತಿಯಂತೂ ಇಲ್ಲ.

ಇಷ್ಟು ವರ್ಷ ಒಂದೇ ಮನೆಯ ಉಪ್ಪು ಉಂಡರೂ ಆ ದಿನದ ಮಾತು ನಾನು ಅವಳೆದುರು ಎತ್ತಿದ್ದಿಲ್ಲ. ಮೊನ್ನೆ ಗೌಂಡಿ ಹೋದ ಮೇಲೆ, ಎದೆ ಗಟ್ಟಿ ಮಾಡಿಕೊಂಡು ಕೇಳಿಯೇಬಿಟ್ಟೆ. "ಅವತ್ತ ಸುಮ್ಮನಿದ್ದರ ನೀವು ಗೆಲ್ತಿದ್ರಿ. ಯಾಕ ಹೇಳ್ದಿ?"

ಅವಳು ಒಲೆಕಟ್ಟೆಯ ಹತ್ತಿರದ ಆ ಕಲ್ಲಿನ ಕಡೆ ನೋಡಿದಳು. ಕೇಳಬಾರದಿತ್ತೇನೋ ಅನಿಸಿತು.

"ಆಕಿ ಹೋಗಿ ಆ ಫರಸಿ ಮ್ಯಾಲ ನಿಂತಳಲ್ಲ ವೈನಿ," ಎಂದಳು. "ನಮ್ಮ ಹುಡುಗ್ಯಾರು ನನ್ನ ಎತ್ತಾಕ ಓಡಿ ಬರಾಕತ್ತಿದ್ರು. ಇನ್ನೊಬ್ಬಾಕಿ ಬೀಳಬಾರದಂತ ಒತ್ತಿ ಹಿಡಕೊಂಡು ನಿಂತಳು. ಅದು ನೋಡಿದ ಮ್ಯಾಲ ಸುಳ್ಳ ಹ್ಯಾಂಗ ಹೇಳ್ಲಿ?"

ನಾನು ಪಕ್ಕದಲ್ಲೇ ಇದ್ದೆ. ಕಣ್ಣು ತೆರೆದೇ ಇತ್ತು. ನನಗೆ ಕಂಡಿರಲಿಲ್ಲ.

ನಿನ್ನೆ ಉದ್ಘಾಟನೆಗೆ ಹೋದೆವು. ಬರೆದದ್ದು ನನ್ನ ಚೀಲದಲ್ಲಿತ್ತು. ಜಗದೇವಿ ಬಂದಳು, ಆದರೆ ಅಂಗಳದ ಅಂಚಿಗೆ ಬಂದವಳು ನಿಂತುಬಿಟ್ಟಳು. ಹುಮನಾಬಾದಿನ ಹುಡುಗಿಯರು ಆಡಲು ಸಜ್ಜಾಗಿದ್ದರು, ಅತಿಥಿಗಳು ಕುರ್ಚಿಯಲ್ಲಿ ಕೂತಾಗಿತ್ತು, ರಿಬ್ಬನ್ ಕಾಯುತ್ತಿತ್ತು. ಮಹಾನಂದಾ ಅದನ್ನೆಲ್ಲ ಬಿಟ್ಟು ಇವಳ ಬಳಿ ಬಂದಳು. ಕೈ ಹಿಡಿದು ಹೊಸ ಅಂಗಳದ ಉದ್ದಗಲಕ್ಕೂ ನಡೆಸತೊಡಗಿದಳು. ತೋರಿಸಲು ಒಂದು ಬಿರುಕೂ ಇರಲಿಲ್ಲ. ಎಡಮೂಲೆಗೆ ಬಂದು ಹಿಮ್ಮಡಿಯಿಂದ ತಟ್ಟಿದಳು. ಸದ್ದು ಗಟ್ಟಿಯಾಗಿತ್ತು.

"ಇಲ್ಲಿ ಏನೂ ಇಲ್ಲರಿ. ಇಡ್ರಿ ಕಾಲ," ಎಂದಳು.

ಜಗದೇವಿ ತನ್ನ ಕೆಟ್ಟ ಕಾಲನ್ನು ನೋಡಿಕೊಂಡಳು. ನಾನು ಬಿಂದಿಗೆ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ. ಆಮೇಲೆ ಅವಳು ಆ ಎಡಗಾಲನ್ನೇ ಮುಂದಿಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು.

"ಈ ಸಲ ನಂಬಿನಿ," ಎಂದಳು.